ಆರನೆಯ ಸಂಖ್ಯೆ ಕಲಿಸುವ ಪಾಠ

ಬ್ಯಾಂಕಿನ ಲೆಡ್ಜರಿನಲ್ಲಿ ಸಂಖ್ಯೆಯೆಂದರೆ ಕೇವಲ ಮೊತ್ತ. ಗಣಿತಜ್ಞರ ದೃಷ್ಟಿಯಲ್ಲಾದರೋ ಪ್ರತಿಯೊಂದು ಪೂರ್ಣಾಂಕಕ್ಕೂ ಅದರದೇ ಆದ ಕುಲಗೋತ್ರಗಳುಂಟು. ನಿದರ್ಶನಕ್ಕಾಗಿ 4,29,49,67,297 ಎಂಬ ಸಂಖ್ಯೆಯ ಜಾತಕವನ್ನು ಪರಿಶೀಲಿಸೋಣ.

ಇದರ ಹುಟ್ಟು ಸರಳವಾದುದು. 2ರಿಂದ ಆರಂಭಿಸಿ, ಬಂದ ಸಂಖ್ಯೆಯನ್ನು ಪ್ರತಿಸಾರಿಯೂ ಅದರಿಂದಲೇ ಗುಣಿಸುತ್ತ ಹೋದರೆ 2, 4, 16, 256, 65,536 ದೊರೆಯುತ್ತವೆ. ಒಂದೊಂದಕ್ಕೂ 1 ಕೂಡಿಸಿದರೆ 3, 5, 17, 257, 65,537. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಎಂದರೆ 1 ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗವು. ಇದೇ ಕ್ರಮದಲ್ಲಿ ಬರುವ ಆರನೆಯದೇ ನಮ್ಮ ಸಂಖ್ಯೆ.

ವೃತ್ತಿಯಿಂದ ನ್ಯಾಯಾಧಿಕಾರಿಯಾಗಿದ್ದ ಫ್ರಾನ್ಸಿನ ಪಿಯರ್ ದ ಫರ್ಮಾ, ಈ ಸರಣಿಯ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂಬ ತನ್ನ ನಂಬಿಕೆಯನ್ನು 1640ರಲ್ಲಿ ಪತ್ರಮುಖೇನ ತಿಳಿಸಿದನು. ಅದಕ್ಕೆ ಪೂರ್ಣ ಸಾಧನೆ ತನ್ನಲ್ಲಿಲ್ಲವೆಂದೂ ಒಪ್ಪಿಕೊಂಡನು. ಆರನೆಯ ಸಂಖ್ಯೆಯ ಹೊರನೋಟವೂ ಅವನ ಪರವಾಗಿಯೇ ಇತ್ತು. ಅದು ಬೆಸ, ಕೊನೆಯ ಅಂಕಿ 7 ಆದುದರಿಂದ 5ರಿಂದ ಭಾಗವಾಗದು, ಅಂಕಿಗಳ ಮೊತ್ತ 59 ಆದುದರಿಂದ 3ರಿಂದಲೂ ಭಾಗವಾಗದು.

ಆದರೆ 1732ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರ್, ಇದು 641 ಮತ್ತು 67,00,417ರ ಗುಣಲಬ್ಧವೆಂದು ತೋರಿಸಿದನು. ಮುಂದೆ ಅವನೇ ಸಾಧಿಸಿದಂತೆ, ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯವು 64ರಿಂದ ಭಾಗಿಸಿದಾಗ 1 ಶೇಷವನ್ನು ಉಳಿಸಲೇಬೇಕು. ಅಂಥವುಗಳಲ್ಲಿ ಮೊದಲ ಐದು: 193, 257, 449, 577, 641. ನಾಲ್ಕು ಸೋಲುತ್ತವೆ, ಐದನೆಯದು ಸರಿಹೊಂದುತ್ತದೆ. ವಾಚಕರು ಗುಣಿಸಿ ತಾಳೆ ನೋಡಬಹುದು.

ಹೀಗೆ ನಮ್ಮ ಸಂಖ್ಯೆ ಭಾಜ್ಯ ವರ್ಗಕ್ಕೆ ಸೇರಿತು. ಎರಡೇ ಅವಿಭಾಜ್ಯಗಳ ಗುಣಲಬ್ಧವೆಂಬುದು ಅದರ ಒಳವರ್ಗ. ತನ್ನನ್ನು ಬಿಟ್ಟು ಉಳಿದ ಭಾಜಕಗಳಾದ 1, 641 ಮತ್ತು 67,00,417ರ ಮೊತ್ತ 67,01,059 ಮಾತ್ರ. ತನಗಿಂತ ಎಷ್ಟೋ ಕಡಿಮೆಯಾದುದರಿಂದ ಇದು ನ್ಯೂನ ಸಂಖ್ಯೆ. ಇನ್ನೊಂದು ವೈಶಿಷ್ಟ್ಯವಿದೆ: 65,536 ಮತ್ತು 1ರ ವರ್ಗಗಳ ಮೊತ್ತವಾದ ಇದು 62,264 ಮತ್ತು 20,449ರ ವರ್ಗಗಳ ಮೊತ್ತವೂ ಹೌದು. ಅವಿಭಾಜ್ಯ ಸಂಖ್ಯೆಗೆ ಹೀಗೆ ಎರಡು ರೀತಿ ಸಾಧ್ಯವೇ ಇಲ್ಲ.

ಸರಣಿಯ ಆರನೆಯದರಿಂದ ಮೂವತ್ತಮೂರನೆಯವರೆಗೆ ಎಲ್ಲವೂ ಭಾಜ್ಯವೆಂದು ಈಗ ತಿಳಿದಿದೆ. ಮೊದಲ ಐದರ ಹೊರತು ಈ ಸರಣಿಯಲ್ಲಿ ಬೇರೊಂದು ಅವಿಭಾಜ್ಯ ಇದುವರೆಗೆ ಸಿಕ್ಕಿಲ್ಲ.

ಗುಣಿಸುವುದು ಸುಲಭ, ಭಾಜಕಗಳನ್ನು ಹುಡುಕುವುದು ಕಷ್ಟ. ಈ ಅಂತರವನ್ನೇ ಆಧಾರವಾಗಿಟ್ಟುಕೊಂಡು ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು 1977ರಲ್ಲಿ ಗುಪ್ತಲಿಪಿಯ ಪದ್ಧತಿಯೊಂದನ್ನು ರೂಪಿಸಿದರು. ನೂರಾರು ಅಂಕಿಗಳ ಇಂಥದೇ ಗುಣಲಬ್ಧಗಳು ಇಂದು ಗ್ರಾಹಕರ ವ್ಯವಹಾರಗಳಿಗೆ ಕಾವಲಾಗಿವೆ. ಐದು ವೋಚರುಗಳು ಸರಿಯಿದ್ದುವೆಂದು ಆರನೆಯದನ್ನು ನೋಡದೆ ಸಹಿ ಹಾಕಲಾಗದೆಂಬುದು ಬ್ಯಾಂಕಿನ ನಿಯಮ. ಗಣಿತದಲ್ಲಿಯೂ ಅದೇ ನಿಯಮವೆಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ.