ಲಾರಿಯ ಬ್ರೇಕ್ ಡ್ರಮ್: ಮೂರು ಮಿಲಿಮೀಟರಿನ ಲೆಕ್ಕ

ಪುಣೆಯಿಂದ ಸೊಲ್ಲಾಪುರ, ಹೈದರಾಬಾದುಗಳ ಮೂಲಕ ಮಚಲೀಪಟ್ಟಣದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65 ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾವನ್ನು ದಾಟಿ ಹುಮನಾಬಾದಿಗೆ ಬರುತ್ತದೆ. ಅಲ್ಲಿ ಬೀದರದಿಂದ ಕಲಬುರಗಿಗೆ ಹೋಗುವ ಹೆದ್ದಾರಿ ಅದನ್ನು ಕೂಡುತ್ತದೆ. ಲಾರಿಗಳ ಊರೆಂದೇ ಹೆಸರಾದ ಬಸವಕಲ್ಯಾಣದ ಜೀವನ ಈ ದಾರಿಯನ್ನು ನೆಚ್ಚಿಕೊಂಡಿದ್ದು, ‘ಕೆಎ 56’ ಎಂಬ ಸ್ವಂತ ನೋಂದಣಿ ಸಂಖ್ಯೆಯೂ ಈ ಪಟ್ಟಣಕ್ಕಿದೆ. ಇಲ್ಲಿಯ ಲಾರಿ ಮಾಲೀಕರು ಮತ್ತೆ ಮತ್ತೆ ಎದುರಿಸಬೇಕಾದ ಪ್ರಶ್ನೆಗಳಲ್ಲಿ ಸವೆದ ಬ್ರೇಕನ್ನು ಯಾವಾಗ ಬದಲಿಸಬೇಕು ಎಂಬುದೂ ಒಂದು.

ಡ್ರಮ್ ಎಂದರೆ ಚಕ್ರದ ನಡುವಿನ ಹಬ್ಬಿಗೆ ಬಿಗಿದ, ಚಕ್ರದೊಡನೆಯೇ ತಿರುಗುವ ಎರಕದ ಕಬ್ಬಿಣದ ಬಳೆ. ಅದರೊಳಗೆ ತಿರುಗದೆ ನಿಲ್ಲುವ ಎರಡು ಕಮಾನುಗಳಿಗೆ ಶೂ ಎಂದೂ, ಅವುಗಳ ಬೆನ್ನಿಗೆ ರಿವೆಟ್ ಹೊಡೆದು ಕೂಡಿಸಿದ ಘರ್ಷಣೆಯ ಪದರಕ್ಕೆ ಲೈನರ್ ಎಂದೂ ಹೆಸರು. ಚಾಲಕ ಪೆಡಲ್ ತುಳಿದಾಗ ಒತ್ತಡದ ಗಾಳಿ ಬ್ರೇಕ್ ಚೇಂಬರಿನ ದಂಡವನ್ನು ಮುಂದೆ ನೂಕುತ್ತದೆ, ದಂಡವು ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯನ್ನು ಹೊರಳಿಸುತ್ತದೆ, ಸನ್ನೆ ತಿರುಗಿಸುವ ಶಾಫ್ಟಿನ ತುದಿಯಲ್ಲಿರುವ ‘ಎಸ್’ ಆಕಾರದ ಕ್ಯಾಮ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಓಟದ ಶಕ್ತಿಯೆಲ್ಲ ಅಲ್ಲಿ ಶಾಖವಾಗುತ್ತದೆ. ವೇಗ ಇಮ್ಮಡಿಯಾದರೆ ಈ ಶಾಖ ನಾಲ್ಕು ಪಟ್ಟಾಗುತ್ತದೆ. ಇನ್ನು 2018ರಲ್ಲಿ ಮೂರು ಆಕ್ಸಲ್ಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿದ ಮೇಲೆ, ಅದೇ ವೇಗದಲ್ಲಿ ತುಂಬು ಹೊರೆಯೊಡನೆ ನಿಲ್ಲಿಸುವಾಗ ಡ್ರಮ್ಮುಗಳ ಪಾಲಿಗೆ ಬರುವ ಶಾಖವೂ ಶೇಕಡ 14ರಷ್ಟು ಹೆಚ್ಚಿದೆ.

ಲೈನರಿನ ನಿರ್ಣಯ ಸುಲಭ. ರಿವೆಟ್ಟಿನ ತಲೆ ಡ್ರಮ್ಮಿಗೆ ತಗಲುವುದಕ್ಕೆ ಸಾಕಷ್ಟು ಮೊದಲೇ ಅದನ್ನು ತೆಗೆಯಬೇಕು. ಅಮೆರಿಕದ ನಿಯಮವು ಗಾಳಿ ಬ್ರೇಕಿನ ಲಾರಿಯ ಹಿಂದಿನ ಆಕ್ಸಲ್ಲುಗಳಿಗೆ ಶೂವಿನ ನಡುಭಾಗದಲ್ಲಿ ಕಾಲು ಇಂಚಿನ, ಅಂದರೆ ಸುಮಾರು 6.4 ಮಿಲಿಮೀಟರಿನ ದಪ್ಪವನ್ನು ಕನಿಷ್ಠವೆಂದು ಗೊತ್ತುಮಾಡಿದೆ. ಗ್ರೀಸು, ಎಣ್ಣೆ ಹೀರಿದ ಲೈನರ್ ಎಷ್ಟೇ ದಪ್ಪವಿದ್ದರೂ ಕೆಲಸಕ್ಕೆ ಬಾರದು, ಸೋರುವ ಆಯಿಲ್ ಸೀಲನ್ನು ಬದಲಿಸದೆ ಹೊಸದನ್ನು ಹಾಕಿದರೂ ಪ್ರಯೋಜನವಿಲ್ಲ. ಒಂದು ಬದಿಯದನ್ನು ಬದಲಿಸಿದಾಗ ಅದೇ ಆಕ್ಸಲ್ಲಿನ ಇನ್ನೊಂದು ಬದಿಯದನ್ನೂ ಬದಲಿಸದಿದ್ದರೆ ಬ್ರೇಕ್ ಹಿಡಿದಾಗ ಲಾರಿ ಒಂದೇ ಕಡೆಗೆ ಎಳೆಯುತ್ತದೆ. ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿಯ ಪೈಪಿನಿಂದ ಊದುವ ರೂಢಿಯನ್ನು ಗ್ಯಾರೇಜುಗಳು ಕೈಬಿಡಲೇಬೇಕು. ಆ ಧೂಳು ಮೆಕ್ಯಾನಿಕ್ಕಿನ ಶ್ವಾಸಕೋಶ ಸೇರಿದರೆ ಸುಲಭವಾಗಿ ಹೊರಬರುವುದಿಲ್ಲ.

ನಿಜವಾದ ತೊಡಕಿರುವುದು ಡ್ರಮ್ಮಿನಲ್ಲಿ. ಕಬ್ಬಿಣವೆಂಬ ನಂಬಿಕೆಯಿಂದ ಲೈನರನ್ನು ಎರಡು ಮೂರು ಬಾರಿ ಬದಲಿಸಿದರೂ ಡ್ರಮ್ಮನ್ನು ಅಳೆಯದೆ ಬಿಡುವುದುಂಟು. ಗರಿಷ್ಠ ಒಳವ್ಯಾಸವನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಹದಿನಾರೂವರೆ ಇಂಚಿನ ಡ್ರಮ್ಮಿಗೆ ಈ ಮಿತಿ ಹೊಸದರ ವ್ಯಾಸಕ್ಕಿಂತ ಸುಮಾರು 3 ಮಿಲಿಮೀಟರ್ ಮಾತ್ರ ಹೆಚ್ಚು, ಎಂದರೆ ಒಂದೊಂದು ಬದಿಗೆ ಒಂದೂವರೆ ಮಿಲಿಮೀಟರಿನ ಸವೆತ. ಇಷ್ಟು ಕಡಮೆಯೇಕೆಂದರೆ, ಡ್ರಮ್ ತೆಳುವಾದಂತೆ ಶಾಖವನ್ನು ಹೀರಿಕೊಳ್ಳುವ ಕಬ್ಬಿಣ ಕಡಮೆಯಾಗಿ ಅದು ಬೇಗ ಕಾಯುತ್ತದೆ, ಕಾದು ಹಿಗ್ಗಿದ ಡ್ರಮ್ ಲೈನರಿನಿಂದ ದೂರ ಸರಿಯುತ್ತದೆ, ಅದನ್ನು ಮುಟ್ಟಲು ಚೇಂಬರಿನ ದಂಡ ಇನ್ನಷ್ಟು ಮುಂದೆ ಬರಬೇಕಾಗುತ್ತದೆ. ದಂಡದ ಓಟಕ್ಕೆ ಮಿತಿಯಿರುವುದರಿಂದ ಕೊನೆಗೆ ಪೆಡಲ್ ಪೂರ್ತಿ ತುಳಿದರೂ ಒತ್ತಡ ಸಾಲದಾಗುತ್ತದೆ. ಡ್ರಮ್ಮೂ ಲೈನರೂ ಒಟ್ಟಿಗೆ ಸವೆದಿದ್ದರೆ ಕ್ಯಾಮ್ ತನ್ನ ತಲೆಯನ್ನೇ ದಾಟಿ ಮಗುಚಿಕೊಂಡು, ಬ್ರೇಕ್ ಬಿಡದೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಅಡ್ಜಸ್ಟರನ್ನು ಪದೇ ಪದೇ ಬಿಗಿಯಬೇಕಾಗಿ ಬಂದರೆ ಅದು ಒಳಗಿನ ಸವೆತದ ಸುಳಿವು, ಬಿಗಿಯುವುದು ಅದಕ್ಕೆ ಮದ್ದಲ್ಲ.

ಒಳಮೈಯ ಕೂದಲೆಳೆಯಂಥ ಗೆರೆಗಳು ಶಾಖದಿಂದ ಸಹಜವಾಗಿ ಮೂಡುತ್ತವೆ, ಅವುಗಳಿಗೆ ಹೆದರಬೇಕಿಲ್ಲ. ಆದರೆ ಗೆರೆ ಆಳವಾಗಿ ಡ್ರಮ್ಮಿನ ಅಂಚನ್ನು ಮುಟ್ಟಿದರೆ, ಅಥವಾ ಹೊರಮೈಗೆ ಬಿರುಕು ಬಂದರೆ, ವ್ಯಾಸ ಎಷ್ಟಿದ್ದರೂ ಡ್ರಮ್ಮನ್ನು ಅಂದೇ ತೆಗೆದಿಡಬೇಕು. ನೀಲಿ, ಕಪ್ಪು ಕಲೆಗಳು ಅತಿಯಾಗಿ ಕಾದು ಗಡುಸಾದ ಜಾಗಗಳ ಗುರುತು. ಡ್ರಮ್ ದುಂಡನೆಯ ಆಕಾರ ಕಳೆದುಕೊಂಡಿದ್ದರೆ, ಗೀರುಗಳು ಬಿದ್ದಿದ್ದರೆ ಲೇತಿನಲ್ಲಿ ತಿರುವಿ ಸರಿಪಡಿಸಬಹುದಾದರೂ, ತಿರುವುವುದೂ ಕಬ್ಬಿಣವನ್ನು ಕಳೆಯುವ ಕೆಲಸವೇ ಆದ್ದರಿಂದ, ತಿರುವಿದ ಮೇಲಿನ ವ್ಯಾಸವು ಅಚ್ಚಿನ ಸಂಖ್ಯೆಗಿಂತ ಸಾಕಷ್ಟು ಕೆಳಗಿರಬೇಕು. ಮಿತಿಯ ಅಂಚಿಗೆ ಬಂದ ಡ್ರಮ್ಮಿಗೆ ಲೇತಿನ ಕೂಲಿ ಕೊಡುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಲಾಭ.

ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಆದರೆ ಚಕ್ರ ಬಿಚ್ಚದೆ ಮಾಡುವ ಪರೀಕ್ಷೆಯಲ್ಲಿ ಡ್ರಮ್ಮಿನ ಒಳವ್ಯಾಸ ಕಾಣುವುದಿಲ್ಲ, ತಣ್ಣಗಿರುವಾಗ ತೆಳು ಡ್ರಮ್ಮೂ ಚೆನ್ನಾಗಿಯೇ ಹಿಡಿಯಬಲ್ಲದು. ಅದೇ ಲಾರಿ ತುಂಬು ಹೊರೆ ಹೊತ್ತು ಪುಣೆಯನ್ನು ದಾಟಿ ಮುಂಬಯಿಯ ಕಡೆಗೆ ಖಂಡಾಲಾದ ಬೋರ್ ಘಾಟನ್ನು ಇಳಿಯುವಾಗ ಡ್ರಮ್ ಕಾದಿರುತ್ತದೆ. ಆದಕಾರಣ ಲೈನರ್ ಬದಲಿಸುವ ಪ್ರತಿ ಸಲವೂ ಡ್ರಮ್ಮಿನ ವ್ಯಾಸವನ್ನು ಒಂದಕ್ಕೊಂದು ಅಡ್ಡವಾಗಿ ಎರಡು ಕಡೆ ಅಳೆದು, ದಿನಾಂಕ ಮತ್ತು ಕಿಲೋಮೀಟರಿನೊಡನೆ ಲಾರಿಯ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಲೈನರ್ ಸವೆಯುವ ತನಕ ಆ ಡ್ರಮ್ ಬಾಳುವುದೋ ಇಲ್ಲವೋ ಎಂಬುದನ್ನು ಚಕ್ರ ಬಿಚ್ಚಿರುವಾಗಲೇ ಲೆಕ್ಕ ಹಾಕಬಹುದು.