ಎಂಜಿನ್ ಸವೆಯುವುದು ಯಾವಾಗ?

ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 1996ರಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ನ್ಯೂಯಾರ್ಕಿನ 75 ಟ್ಯಾಕ್ಸಿಗಳಿಗೆ ಬಿಚ್ಚಿ ಹೊಸದಾಗಿ ಕಟ್ಟಿದ ಎಂಜಿನ್ ಕೂರಿಸಿ, ಬೇರೆ ಬೇರೆ ಕಂಪನಿಗಳ ಆಯಿಲ್ ತುಂಬಿ, ಒಂದೊಂದನ್ನೂ ಸುಮಾರು 96,000 ಕಿ.ಮೀ. ಓಡಿಸಿದ್ದರು. ಆಮೇಲೆ ಎಂಜಿನ್ ಬಿಚ್ಚಿ ಬಿಡಿಭಾಗಗಳ ಸವೆತ ಅಳೆದರು. ಆಯಿಲ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸಿಂಥೆಟಿಕ್ ಆಯಿಲ್ ಹಾಕಿಸುವುದು ದುಡ್ಡು ದಂಡ ಎನ್ನುವವರು ಇಂದಿಗೂ ಈ ಪರೀಕ್ಷೆಯನ್ನು ಮುಂದಿಡುತ್ತಾರೆ. ಆದರೆ ಆ ಟ್ಯಾಕ್ಸಿಗಳು ಹಗಲೂ ರಾತ್ರಿ ಓಡುತ್ತಿದ್ದವು. ಅವುಗಳ ಎಂಜಿನ್ ತಣ್ಣಗಾಗುತ್ತಿದ್ದುದೇ ಅಪರೂಪ. ಫಲಿತಾಂಶದ ಗುಟ್ಟು ಇರುವುದು ಅಲ್ಲಿ.

ಬಿಸಿಯಾಗಿ ಓಡುತ್ತಿರುವ ಎಂಜಿನ್ನಿನ ಬೇರಿಂಗಿನೊಳಗೆ ಲೋಹಕ್ಕೆ ಲೋಹ ಹೆಚ್ಚುಕಡಿಮೆ ತಾಕುವುದೇ ಇಲ್ಲ. ಇದರ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. 1883ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಬೀಚಂ ಟವರ್ ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಬಿಡಲೆಂದು ಮೇಲೆ ಕೊರೆದಿದ್ದ ತೂತಿನಿಂದ ಎಣ್ಣೆಯೇ ಉಕ್ಕಿ ಬಂತು. ಮರದ ಬೆಣೆ ಜಡಿದರೆ ಅದನ್ನೂ ನೂಕಿ ಹೊರಹಾಕಿತು. ಮಾಪಕ ಇಟ್ಟು ನೋಡಿದರೆ, ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡದ ಎರಡು ಪಟ್ಟಿಗೂ ಹೆಚ್ಚು ಒತ್ತಡ ಎಣ್ಣೆಯಲ್ಲಿತ್ತು! ತಿರುಗುವ ಅಚ್ಚು ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು ಅದರ ಮೇಲೆಯೇ ತೇಲುತ್ತಿತ್ತು, ಮಳೆಯಲ್ಲಿ ವೇಗವಾಗಿ ಹೋಗುವ ಕಾರಿನ ಟೈರು ನೀರಿನ ಮೇಲೆ ತೇಲುವ ಹಾಗೆ. ಇದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬಿಡಿಸಿದರು.

ಆ ಎಣ್ಣೆಯ ಪದರ ಎಷ್ಟು ದಪ್ಪ ಎಂಬುದು ವೇಗ, ಭಾರ ಮತ್ತು ಎಣ್ಣೆಯ ಮಂದತನವನ್ನು ಅವಲಂಬಿಸಿದೆ. ಎಣ್ಣೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಡಬ್ಬದ ಮೇಲೆ 10ಡಬ್ಲ್ಯು-30 ಎಂಬ ದರ್ಜೆ ಇದ್ದರೆ, ಕಚ್ಚಾತೈಲದಿಂದ ತೆಗೆದ ಮಿನರಲ್ ಆಗಲಿ ಸಿಂಥೆಟಿಕ್ ಆಗಲಿ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರ ಮಂದತನವೂ ಒಂದೇ ಮಿತಿಯೊಳಗೆ ಇರಲೇಬೇಕು. ಸದಾ ಬಿಸಿಯಾಗಿದ್ದ ಟ್ಯಾಕ್ಸಿಗಳಲ್ಲಿ ವ್ಯತ್ಯಾಸ ಕಾಣದಿದ್ದುದು ಸಹಜ.

ಸವೆತ ಹೆಚ್ಚುವುದು ಆ ಪದರ ಕೈಕೊಟ್ಟಾಗ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ಸಂಪಿಗೆ ಇಳಿದಿರುತ್ತದೆ; ಸ್ಟಾರ್ಟ್ ಮಾಡಿದ ಮೇಲೆ ಪಂಪು ಅದನ್ನು ಮೇಲೆತ್ತುವವರೆಗೆ ಹಿಂದಿನ ದಿನದ ಪಸೆಯೇ ಗತಿ. ಪಿಸ್ಟನ್ ತುದಿ ಮುಟ್ಟಿ ದಿಕ್ಕು ಬದಲಿಸುವ ಜಾಗದಲ್ಲೂ ವೇಗ ಸೊನ್ನೆಯಾಗಿ ಪದರ ತೀರಾ ತೆಳುವಾಗುತ್ತದೆ. ಇಂಥಲ್ಲಿ ಕಾಯುವುದು ಎಣ್ಣೆಗೆ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತ. ಉಜ್ಜಾಟದಲ್ಲಿ ಅದು ಒಡೆದು ಲೋಹದ ಮೇಲೆ ಫಾಸ್ಫೇಟಿನ ತೆಳು ಲೇಪವಾಗಿ ಕೂರುತ್ತದೆ. ಒಳ್ಳೆಯ ಮಿನರಲ್ ಆಯಿಲಿನಲ್ಲೂ ಇದು ಇರುತ್ತದೆ.

ಹಾಗಾದರೆ ಸಿಂಥೆಟಿಕ್ ಯಾಕೆ? ಮಿನರಲ್ ಆಯಿಲಿನಲ್ಲಿ ನಾನಾ ಬಗೆಯ ಅಣುಗಳ ಜೊತೆ ಒಂದಿಷ್ಟು ಮೇಣವೂ ಉಳಿದಿರುತ್ತದೆ. ಕಡುಚಳಿಯಲ್ಲಿ ಅದು ಹೆಪ್ಪುಗಟ್ಟಿ ಎಣ್ಣೆ ಹರಿಯದಂತೆ ಮಾಡುತ್ತದೆ. ರಾಸಾಯನಿಕವಾಗಿ ಕಟ್ಟಿದ ಪಾಲಿಆಲ್ಫಾಓಲೆಫಿನ್ ಎಂಬ ಸಿಂಥೆಟಿಕ್ ಎಣ್ಣೆಯಲ್ಲಿ ಮೇಣವಿಲ್ಲ. ಕೆನಡಾದ ಚಳಿಗಾಲಕ್ಕೆ ಇದು ದೊಡ್ಡ ಗುಣ. ಆದರೆ 15ಡಬ್ಲ್ಯು ದರ್ಜೆಯ ಎಣ್ಣೆಗೇ ಮೈನಸ್ 20 ಡಿಗ್ರಿಯ ಸ್ಟಾರ್ಟಿಂಗ್ ಪರೀಕ್ಷೆ ಇದೆ. ಬೀದರಿನ ಡಿಸೆಂಬರ್ ಬೆಳಗಿಗೆ ಅದು ಧಾರಾಳ. ನಮ್ಮ ಕಡೆ ಸಿಂಥೆಟಿಕ್ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುವುದು ಶಾಖದಲ್ಲಿ. ಬಿಸಿಗೆ ಆಮ್ಲಜನಕದೊಂದಿಗೆ ಕೂಡಿ ಕೆಡುವುದು, ಅಂಟುಗಟ್ಟುವುದು ಅದರಲ್ಲಿ ನಿಧಾನ. ಟರ್ಬೋ ಕಾರು ಆಫ್ ಮಾಡಿದೊಡನೆ ಪಂಪು ನಿಲ್ಲುತ್ತದೆ, ಆದರೆ ಟರ್ಬೋ ಕಾದೇ ಇರುತ್ತದೆ. ಅದರ ಬೇರಿಂಗಿನಲ್ಲಿ ಉಳಿದ ಎಣ್ಣೆ ಸೀದು ಕರಿಕಟ್ಟಬಹುದು. ಅಂಥ ಕಾರಿಗೆ ಸಿಂಥೆಟಿಕ್ಕೇ ಇರಲಿ ಎಂದು ನಾನು ಖಂಡಿತ ಹೇಳುತ್ತೇನೆ.

ಕಚ್ಚಾತೈಲವನ್ನೇ ಹೈಡ್ರೋಜನ್ ಬಳಸಿ ಒಡೆದು ಆಳವಾಗಿ ಸಂಸ್ಕರಿಸಿದ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಬಹುದೆಂದು 1999ರಲ್ಲಿ ಅಮೆರಿಕದ ಜಾಹೀರಾತು ನಿಗಾ ವಿಭಾಗವೊಂದು ಒಪ್ಪಿತು. ಇಂದು ಆ ಹೆಸರಿನ ಎಷ್ಟೋ ಡಬ್ಬಗಳಲ್ಲಿರುವುದು ಅದೇ, ಅದೂ ಒಳ್ಳೆಯ ಎಣ್ಣೆಯೇ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಮಾತ್ರ ಓಡುವ ಗಾಡಿ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಮತ್ತು ಉರಿಯದೆ ಉಳಿದ ಪೆಟ್ರೋಲ್ ರಿಂಗುಗಳ ಸಂದಿಯಿಂದ ಎಣ್ಣೆಗಿಳಿಯುತ್ತವೆ. ಎರಡು ಕಿಲೋಮೀಟರಿಗೆ ಎಣ್ಣೆ ಕಾಯುವುದೇ ಇಲ್ಲ, ಅವು ಆವಿಯಾಗುವುದೂ ಇಲ್ಲ. ಎಣ್ಣೆ ನೀರಾಗಿ, ಆಮ್ಲ ಸೇರಿ, ಬೇರಿಂಗನ್ನು ಕೊರೆಯುತ್ತದೆ. ಇಂಥ ಗಾಡಿಗೆ ಯಾವ ಎಣ್ಣೆ ಹಾಕಿದರೂ ಮೀಟರಿನ ಕಿಲೋಮೀಟರ್ ನೋಡದೆ ತಿಂಗಳ ಲೆಕ್ಕದಲ್ಲಿ ಬದಲಿಸಬೇಕು, ಜೊತೆಗೆ ಫಿಲ್ಟರನ್ನೂ. ಆಗಾಗ ಹೆದ್ದಾರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸಿದರೆ ಸೇರಿದ ನೀರು, ಪೆಟ್ರೋಲ್ ಬಹುಮಟ್ಟಿಗೆ ಆವಿಯಾಗಿ ಹೋಗುತ್ತವೆ.