ಹತ್ತು ವಾರದ ಅತಿಥಿಗೆ ಗಾಳಿಯ ಲೆಕ್ಕ

ಬೇಸಿಗೆ ರಜೆಗೆ ಕಾಲೇಜು ಹುಡುಗಿಯೊಬ್ಬಳು ಇಂಟರ್ನ್ ಆಗಿ ಕಚೇರಿಗೆ ಬರುತ್ತಾಳೆ. ಇರುವುದು ಎಂಟು, ಹೆಚ್ಚೆಂದರೆ ಹತ್ತು ವಾರ. ಕಚೇರಿಯಲ್ಲಿರುವವರೇ ಒಬ್ಬರೋ ಇಬ್ಬರೋ. ಕುಡಿಯುವ ನೀರು, ಕಸ, ಗಾಳಿ ಎಲ್ಲವೂ ಅವರ ತಲೆಯ ಮೇಲೆಯೇ. ಬಂದವಳಿಗೆ ಏನು ಕೆಲಸ ಕೊಡುವುದು? ಹಳೆಯ ಫೈಲು ಜೋಡಿಸು ಎಂದರೆ ಅವಳ ಬೇಸಿಗೆ ಹಾಳು. ಇಡೀ ಸೀಮೆಯ ವಾಯುಮಾಲಿನ್ಯ ಅಧ್ಯಯನ ಮಾಡು ಎಂದರೆ ಅವಳದರ ಜತೆಗೆ ಕಚೇರಿಯದೂ ಹಾಳು. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಪರಿಸರ ಕಚೇರಿಗಳಿಗೆ ಇದು ಪ್ರತಿವರ್ಷದ ಪ್ರಶ್ನೆ.

ಈ ಕಚೇರಿಗಳಿಗೂ ವಿದ್ಯಾರ್ಥಿಗಳಿಗೂ ನಂಟು ಬೆಸೆಯುವ ಸಂಸ್ಥೆ ಆರಿಜೋನಾದ ಫ್ಲಾಗ್‌ಸ್ಟಾಫ್ ಊರಿನಲ್ಲಿದೆ. ನಾರ್ದರ್ನ್ ಆರಿಜೋನಾ ವಿಶ್ವವಿದ್ಯಾಲಯದ ಆವರಣದಲ್ಲಿ 1992ರಲ್ಲಿ ಶುರುವಾದ ಅದರ ಹೆಸರು ಇನ್‌ಸ್ಟಿಟ್ಯೂಟ್ ಫಾರ್ ಟ್ರೈಬಲ್ ಎನ್ವಿರಾನ್‌ಮೆಂಟಲ್ ಪ್ರೊಫೆಷನಲ್ಸ್. ಹೆಸರು ಉದ್ದವಾಯಿತೆಂದು ಎಲ್ಲರೂ ಐಟೆಪ್ ಎನ್ನುತ್ತಾರೆ. ಬುಡಕಟ್ಟು ಕಚೇರಿಗಳ ನೌಕರರಿಗೆ ಗಾಳಿ ಅಳೆಯುವುದನ್ನು ಕಲಿಸುವುದು ಅದರ ಮೂಲ ಕಸುಬು. ಲಾಸ್ ವೇಗಸ್‌ನಲ್ಲಿ ಅದರದೇ ಒಂದು ಕೇಂದ್ರವಿದ್ದು, ಅಲ್ಲಿಂದ ಮಾಪಕ ಯಂತ್ರಗಳನ್ನು ಎರವಲು ಕೊಡುತ್ತಾರೆ. ಬೇಸಿಗೆ ಇಂಟರ್ನ್‌ಗಳ ಯೋಜನೆ ಈ ಮರದ್ದೇ ಒಂದು ಕೊಂಬೆ. ಕಚೇರಿಗಳು ತಮ್ಮಲ್ಲಿರುವ ಕೆಲಸವನ್ನು ವಿವರಿಸಿ, ಯಾರು ಮಾರ್ಗದರ್ಶಕರೆಂದು ಹೆಸರಿಸಿ ಅರ್ಜಿ ಹಾಕಬೇಕು. ವಿದ್ಯಾರ್ಥಿಗಳದು ಬೇರೆ ಅರ್ಜಿ. ಎರಡನ್ನೂ ಹೊಂದಿಸಿ ನೋಡುವ ಕೆಲಸ ಐಟೆಪ್‌ನದು. ವಿದ್ಯಾರ್ಥಿವೇತನವೂ ಅಲ್ಲಿಂದಲೇ ಬರುವುದರಿಂದ ಬಡ ಕಚೇರಿಗೂ ಒಬ್ಬ ಸಹಾಯಕ ಸಿಗುತ್ತಾನೆ.

ಬುಡಕಟ್ಟಿಗೆ ಸ್ವಂತ ವಾಯು ಕಚೇರಿ ಏಕೆ ಬೇಕು ಎಂದು ನಮ್ಮವರಿಗೆ ಅನ್ನಿಸಬಹುದು. ಅಲ್ಲಿ ಮಾನ್ಯತೆ ಪಡೆದ ಬುಡಕಟ್ಟುಗಳು 570ಕ್ಕೂ ಹೆಚ್ಚು. ಅವು ಒಕ್ಕೂಟ ಸರಕಾರದೊಡನೆ ನೇರವಾಗಿ ವ್ಯವಹರಿಸುವ ಸರಕಾರಗಳು. ಅವುಗಳ ನೆಲದ ಗಾಳಿಯ ಮೇಲೆ ರಾಜ್ಯ ಸರಕಾರದ ಅಧಿಕಾರ ಸಾಮಾನ್ಯವಾಗಿ ನಡೆಯುವುದಿಲ್ಲ. ಮೊಂಟಾನಾದ ನಾರ್ದರ್ನ್ ಶಯಾನ್ ಜನ ಇದನ್ನು ಬಹಳ ಮೊದಲೇ ಅರಿತರು. ಪಕ್ಕದ ಕೋಲ್‌ಸ್ಟ್ರಿಪ್‌ನಲ್ಲಿ ಕಲ್ಲಿದ್ದಲು ಸ್ಥಾವರ ಬೆಳೆಯುತ್ತಿದ್ದಾಗ ಅವರು ತಮ್ಮ ಗಾಳಿಗೆ ಒಂದನೇ ದರ್ಜೆ ಕೇಳಿ 1977ರಲ್ಲಿ ಪಡೆದುಕೊಂಡರು. ಅದು ದೊಡ್ಡ ರಾಷ್ಟ್ರೀಯ ಉದ್ಯಾನಗಳಿಗೆ ಸಲ್ಲುವ ದರ್ಜೆ. ತಾನಾಗಿ ಕೇಳಿ ಅದನ್ನು ಪಡೆಯಲು ಒಂದು ರಾಜ್ಯವೂ ಅಲ್ಲಿಯವರೆಗೆ ಮುಂದೆ ಬಂದಿರಲಿಲ್ಲ. ಅದರಿಂದಾಗಿ ಸ್ಥಾವರದ ಹೊಸ ಘಟಕಗಳು ಹೊಗೆ ಶುದ್ಧೀಕರಣದ ಬಿಗಿ ಷರತ್ತುಗಳನ್ನು ಒಪ್ಪಬೇಕಾಯಿತು. 1990ರಲ್ಲಿ ಶುದ್ಧ ಗಾಳಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಆಧಾರದ ಮೇಲೆ ಬಂದ 1998ರ ನಿಯಮ, ಬುಡಕಟ್ಟುಗಳು ರಾಜ್ಯಗಳಂತೆಯೇ ವಾಯು ಆಡಳಿತ ನಡೆಸಬಹುದೆಂದಿತು. ಎಲ್ಲವನ್ನೂ ಒಟ್ಟಿಗೆ ಹೊರಬೇಕಾಗಿಲ್ಲ, ಕೈಲಾದಷ್ಟನ್ನು ವಹಿಸಿಕೊಳ್ಳಬಹುದು. ಹಕ್ಕು ಹೀಗೆ ಕಾಗದದ ಮೇಲೆ ಬಂತು, ಅದನ್ನು ನಡೆಸುವ ಕೈಗಳು ಎಲ್ಲಿ? ಇಂಟರ್ನ್ ಯೋಜನೆ ಅರ್ಥವಾಗುವುದು ಇಲ್ಲಿಂದ.

ಕೆಲಸ ಎಷ್ಟು ಸೂಕ್ಷ್ಮವೆಂದು ತಿಳಿಯಲು ಒಂದು ಫಿಲ್ಟರನ್ನು ಹಿಂಬಾಲಿಸಿದರೆ ಸಾಕು. ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣಗಳನ್ನು ಹಿಡಿಯುವ ಈ ಬಿಲ್ಲೆ 47 ಮಿಲಿಮೀಟರ್ ಅಗಲದ್ದು. ಯಂತ್ರ ನಿಮಿಷಕ್ಕೆ 16.7 ಲೀಟರ್‌ನಂತೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ ಗಾಳಿ ಎಳೆದರೆ ಒಟ್ಟು 24 ಘನ ಮೀಟರ್ ಆಗುತ್ತದೆ. ಅಮೆರಿಕ 2024ರಲ್ಲಿ ನಿಗದಿ ಮಾಡಿದ ವಾರ್ಷಿಕ ಮಿತಿ ಘನ ಮೀಟರಿಗೆ 9 ಮೈಕ್ರೋಗ್ರಾಂ. ಗಾಳಿ ಅಷ್ಟೇ ಇದ್ದ ದಿನ ಬಿಲ್ಲೆಯ ತೂಕ ಹೆಚ್ಚುವುದು ಸುಮಾರು 0.2 ಮಿಲಿಗ್ರಾಂ. ಪುಡಿ ಉಪ್ಪಿನ ಮೂರೋ ನಾಲ್ಕೋ ಹರಳಿನಷ್ಟು! ಬೆರಳು ತಾಗಿದರೂ ಲೆಕ್ಕ ಕೆಟ್ಟಿತು. ಅದಕ್ಕೇ ಚಿಮಟ, ಕೈಗವಸು, ತಣ್ಣನೆಯ ಪೆಟ್ಟಿಗೆ, ಸಹಿ ಹಾಕಿದ ಚೀಟಿ. ಆಗಾಗ ಒಂದು ಬಿಲ್ಲೆಯನ್ನು ಯಂತ್ರದವರೆಗೆ ಒಯ್ದು, ಗಾಳಿ ಎಳೆಸದೆ ಹಾಗೆಯೇ ಮರಳಿ ತರುತ್ತಾರೆ. ಅದರ ತೂಕವೂ ಏರಿದ್ದರೆ ಕೊಳೆ ಬಂದದ್ದು ಆಕಾಶದಿಂದಲ್ಲ, ಒಯ್ದವರ ಕೈಯಿಂದ. ಗಾಳಿಯ ಹರಿವು ಶೇ 4ಕ್ಕಿಂತ ಆಚೀಚೆ ಆಗಿದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷೆ ಬೇರೆ. ಅನೇಕ ಕಡೆ ಮೂರು ದಿನಕ್ಕೋ ಆರು ದಿನಕ್ಕೋ ಒಮ್ಮೆ ಈ ಸುತ್ತು. ಭಾನುವಾರ ಬಿದ್ದರೂ ತಪ್ಪಿಸುವಂತಿಲ್ಲ.

ಹೊಸಬಳಿಗೆ ಒಪ್ಪಿಸಲು ಇದು ಹೇಳಿ ಮಾಡಿಸಿದ ಕೆಲಸ ಎಂದು ನನಗನ್ನಿಸುತ್ತದೆ. ಕಲಿಯಲು ಒಂದು ವಾರ ಸಾಕು, ಶ್ರದ್ಧೆ ಮಾತ್ರ ಕೊನೆಯ ದಿನದವರೆಗೂ ಬೇಕು. ಆದರೆ ಇಡೀ ಬೇಸಿಗೆ ಇದನ್ನೇ ಮಾಡಿಸಿದರೆ ಅದು ಕೂಲಿಯೇ ಹೊರತು ಕಲಿಕೆಯಲ್ಲ. ಜತೆಗೆ, ಅವಳದೇ ಎನ್ನಿಸುವ, ಹತ್ತು ವಾರದೊಳಗೆ ಮುಗಿಯುವ ಒಂದು ಪ್ರಶ್ನೆ ಬೇಕು. ಆತಿಥೇಯರ ಜಾಣ್ಮೆ ಕಾಣುವುದು ಆ ಪ್ರಶ್ನೆಯನ್ನು ಆರಿಸುವಲ್ಲಿ.

ಇಲ್ಲೊಂದು ತೊಡಕಿದೆ. ವಿದ್ಯಾರ್ಥಿಗಳು ಬರುವುದು ಬೇಸಿಗೆಯಲ್ಲಿ. ಮನೆಯೊಳಗಿನ ಹೊಗೆಯ ಕಾಲ ಚಳಿಗಾಲ. ನವಾಹೊ ಬುಡಕಟ್ಟಿನ ಸೀಮೆಯನ್ನೇ ನೋಡಿ. ಮೂರು ರಾಜ್ಯಗಳಲ್ಲಿ ಹರಡಿರುವ ಅದು ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಅಲ್ಲಿ ಎಷ್ಟೋ ಮನೆಗಳು ಚಳಿ ಕಾಯಿಸಿಕೊಳ್ಳಲು ಸೌದೆಯನ್ನೋ ಕಲ್ಲಿದ್ದಲನ್ನೋ ನಂಬಿವೆ. ಸೌದೆಗೆಂದು ಮಾಡಿದ ಕಬ್ಬಿಣದ ಒಲೆಯಲ್ಲಿ ಕಲ್ಲಿದ್ದಲು ಉರಿಸಿದರೆ ಅದರ ಹೆಚ್ಚಿನ ಶಾಖಕ್ಕೆ ಒಲೆ ಬಿರುಕು ಬಿಡಬಹುದು, ಹೊಗೆ ಕೋಣೆಗೇ ಇಳಿಯುತ್ತದೆ. ಶಿಪ್‌ರಾಕ್ ಊರಿನ ಮನೆಗಳಲ್ಲಿ ಈ ಬಗ್ಗೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯೂ ಡಿನೇ ಕಾಲೇಜೂ ಸೇರಿ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿವೆ. ನವಾಹೊಗಳ ಈ ಡಿನೇ ಕಾಲೇಜು ಬುಡಕಟ್ಟೊಂದು ತಾನೇ ಕಟ್ಟಿದ ಮೊದಲ ಕಾಲೇಜು, 1968ರದ್ದು. ಇದೇ ಸೀಮೆಯಲ್ಲಿ, ಪೇಜ್ ಊರಿನ ಬಳಿ ಇದ್ದ 2,250 ಮೆಗಾವಾಟ್‌ನ ದೈತ್ಯ ಕಲ್ಲಿದ್ದಲು ಸ್ಥಾವರ 2019ರಲ್ಲಿ ಮುಚ್ಚಿತು, ಅದರ ಮೂರು ಚಿಮಣಿಗಳನ್ನು ಮರುವರ್ಷ ಕೆಡವಿದರು. ಅಂಥ ಚಿಮಣಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಜ್ಜಿಯ ಒಲೆಯ ಹೊಗೆಗೊಳವೆ ಸುದ್ದಿಯಾಗುವುದಿಲ್ಲ.

ಒಲೆ ಉರಿಯದ ಜುಲೈನಲ್ಲಿ ಒಲೆಯ ಹೊಗೆ ಅಳೆಯಲಾಗದು. ಆದರೆ ಮನೆಮನೆಗೆ ಹೋಗಿ ಒಲೆ ಎಷ್ಟು ಹಳೆಯದು, ಕೊಳವೆ ಯಾವಾಗ ಗುಡಿಸಿದ್ದು, ಏನು ಉರಿಸುತ್ತೀರಿ ಎಂದು ಕೇಳಬಹುದು. ಒಟ್ಟಿದ ಸೌದೆಗೆ ತೇವ ಮಾಪಕ ಚುಚ್ಚಿ ನೋಡಬಹುದು. ತೇವಾಂಶ ಶೇ 20ಕ್ಕಿಂತ ಕಡಿಮೆಯಿದ್ದರೆ ಚೆನ್ನಾಗಿ ಒಣಗಿದ ಸೌದೆ. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಕೊಟ್ಟಿಗೆ ಸೇರಿಸುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರ ಭಾಷೆ ಬಲ್ಲ ಹುಡುಗಿಯಾದರೆ ಬಾಗಿಲು ಬೇಗ ತೆರೆಯುತ್ತದೆ. ಕಾಫಿಯೂ ಸಿಗುತ್ತದೆ, ಹಾಳೆಯಲ್ಲಿಲ್ಲದ ಉತ್ತರವೂ ಸಿಗುತ್ತದೆ.

ಬೇಸಿಗೆಗೆ ತನ್ನದೇ ಆದ ಹೊಗೆ ಉಂಟು, ಕಾಡ್ಗಿಚ್ಚಿನದು. ಆಗ ಅಂಗೈಯಗಲದ ಅಗ್ಗದ ಸೆನ್ಸರ್‌ಗಳು ಉಪಯೋಗಕ್ಕೆ ಬರುತ್ತವೆ. ಅವು ಕಣಗಳನ್ನು ತೂಗುವುದಿಲ್ಲ, ಲೇಸರ್ ಬೆಳಕಿನ ಚದುರುವಿಕೆ ನೋಡಿ ಅಂದಾಜಿಸುತ್ತವೆ. ಹೊಗೆ ಕಂಡರೆ ಇದ್ದದ್ದಕ್ಕಿಂತ ಹೆಚ್ಚು ಹೇಳುವುದು ಅವುಗಳ ಚಾಳಿ. ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ಎರಡನ್ನೂ ಹೋಲಿಸುವುದು ಇಂಟರ್ನ್‌ಗೆ ಅಳತೆ ಮಾಡಿ ಹೊಲಿದಂಥ ಕೆಲಸ. ಮಣ್ಣುರಸ್ತೆಯ ದೂಳೂ ಹಾಗೆಯೇ: ರಸ್ತೆಯ ಮಣ್ಣನ್ನು ಜರಡಿ ಹಿಡಿದು 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಎಷ್ಟೆಂದು ನೋಡಿ, ಓಡಾಡುವ ವಾಹನ ಎಣಿಸಿದರೆ ವರ್ಷಕ್ಕೆ ಏಳುವ ದೂಳಿನ ಲೆಕ್ಕ ಕೈಗೆ ಬರುತ್ತದೆ.

ಇನ್ನು ಉಳಿದದ್ದು ವಸತಿ, ಓಡಾಟ. ಮೀಸಲು ಪ್ರದೇಶಗಳಲ್ಲಿ ಬಾಡಿಗೆ ಮನೆ ಸಿಗುವುದು ದುರ್ಲಭ, ಬಸ್ಸನ್ನು ನೆಚ್ಚುವಂತಿಲ್ಲ. ಯಾರ ಮನೆಯಲ್ಲಿ ಇಳಿಸುವುದು, ಕಚೇರಿ ಗಾಡಿ ಓಡಿಸಲು ವಿಮೆ ಇದೆಯೇ ಎಂಬಂಥವನ್ನು ಮೊದಲೇ ಬಗೆಹರಿಸದಿದ್ದರೆ ಮೊದಲೆರಡು ವಾರ ಅದರಲ್ಲೇ ಕಳೆಯುತ್ತದೆ. ಎಲ್ಲಿ ಫೋಟೊ ತೆಗೆಯಬಾರದು, ಯಾವ ಆಚರಣೆಯ ದಿನ ಯಾವ ಕಡೆ ಹೋಗಬಾರದು ಎಂಬುದನ್ನು ಮೊದಲ ದಿನವೇ ಹೇಳಬೇಕು. ಸಂಗ್ರಹಿಸಿದ ಅಂಕಿಅಂಶ ಯಾರದು ಎಂಬುದನ್ನೂ ಕೂಡ. ಹಿಂದೆ ಹೊರಗಿನಿಂದ ಬಂದ ಸಂಶೋಧಕರು ಮಾದರಿ ಒಯ್ದು, ಪ್ರಬಂಧ ಬರೆದು, ಊರಿಗೆ ಒಂದು ಪ್ರತಿಯನ್ನೂ ಕಳಿಸದೆ ಹೋದದ್ದುಂಟು. ಹಾಗಾಗಿ ಈಗ ಅನೇಕ ಬುಡಕಟ್ಟುಗಳಲ್ಲಿ ಮಾಹಿತಿಯ ಒಡೆತನ ಬುಡಕಟ್ಟಿನದೇ; ಪ್ರಕಟಿಸಲು ಅದರ ಒಪ್ಪಿಗೆ ಬೇಕು. ಯುವ ವಿಜ್ಞಾನಿಗೆ ಇದು ಕಿರಿಕಿರಿ ಎನ್ನಿಸಿದರೆ ಅನ್ನಿಸಲಿ.

ನಮ್ಮಲ್ಲಿ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳ ಲೆಕ್ಕ ಹಿಡಿಯುತ್ತದೆ. ಕರ್ನಾಟಕದಿಂದ ಅದರಲ್ಲಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಕಾಡಂಚಿನ ಹಾಡಿಯ ಒಲೆ ಅದರ ಕಣ್ಣಿಗೆ ಬೀಳುವಂಥದ್ದಲ್ಲ. ಹತ್ತು ವಾರ ಹಾಡಿಯಲ್ಲಿದ್ದು, ಗ್ರಾಮಸಭೆಯ ಒಪ್ಪಿಗೆ ಪಡೆದು, ಮಾಹಿತಿಯನ್ನು ಅಲ್ಲಿಗೇ ಬಿಟ್ಟುಬರುವ ಇಂಟರ್ನ್‌ಶಿಪ್ಪನ್ನು ನಮ್ಮ ಪರಿಸರ ವಿಜ್ಞಾನ ವಿಭಾಗಗಳು ಯೋಚಿಸಬಾರದೇಕೆ?

ಅಮೆರಿಕದಲ್ಲೂ ಎಲ್ಲ ಸಲೀಸಲ್ಲ. ಐಟೆಪ್ ಆಗಲಿ ಬುಡಕಟ್ಟು ಕಚೇರಿಯಾಗಲಿ ಬಹುಪಾಲು ನೆಚ್ಚಿರುವುದು ಒಕ್ಕೂಟ ಸರಕಾರದ ಪರಿಸರ ಸಂಸ್ಥೆಯ ಅನುದಾನವನ್ನು. ವಾಷಿಂಗ್ಟನ್‌ನಲ್ಲಿ ಬಜೆಟ್ ಬಿಗಿಯಾದರೆ ಮೊದಲು ಕತ್ತರಿ ಬೀಳುವುದು ಇಂಥ ಯೋಜನೆಗಳ ಮೇಲೆ. ಅರ್ಜಿ ಹಾಕಿದ ಕಚೇರಿಗೆಲ್ಲ ವಿದ್ಯಾರ್ಥಿ ಸಿಗುತ್ತಾರೆಂಬ ಖಾತ್ರಿಯೂ ಇಲ್ಲ. ಆದ್ದರಿಂದ ಅರ್ಜಿಯಲ್ಲಿ ಬರೆಯುವ ಕೆಲಸ, ಯಾರೂ ಬಾರದಿದ್ದರೆ ಇರುವ ಇಬ್ಬರು ಮಳೆ ಬಿದ್ದ ಮಧ್ಯಾಹ್ನಗಳಲ್ಲಿ ನಿಧಾನವಾಗಿ ಮಾಡಿ ಮುಗಿಸಬಹುದಾದಷ್ಟೇ ಗಾತ್ರದ್ದಾಗಿದ್ದರೆ ಒಳ್ಳೆಯದು.